ಮೀಡಿಯಾ ಪ್ಲೇಯರ್‌ಗಳ ಭಾಷಾನೆನಪು: ಬಹುಭಾಷಿಕ ಮನೆಯ ನೆಲೆಯಿಂದ ಒಂದು ವಿಮರ್ಶೆ

ಒಂದೇ ಚಲನಚಿತ್ರದ ಕಡತದಲ್ಲಿ ಹಲವು ಭಾಷೆಗಳ ಧ್ವನಿಪಥಗಳೂ ಸಬ್‌ಟೈಟಲ್‌ಗಳೂ ಇರುವುದು ಇಂದು ಸಾಮಾನ್ಯ. ನೋಡುಗರ ಆಯ್ಕೆಯನ್ನು ನೆನಪಿಟ್ಟು ಮರುಬಳಸುವ ಸೌಲಭ್ಯ ಕೋಡಿ, ಜೆಲ್ಲಿಫಿನ್, ಎಂಪಿವಿ ಮೊದಲಾದ ತಂತ್ರಾಂಶಗಳಲ್ಲಿದೆ. ಈ ಸೌಲಭ್ಯವು ಭಾಷಾಬಳಕೆಯ ಬಗೆಗಿನ ಒಂದು ಸಿದ್ಧಾಂತವನ್ನೂ ಒಳಗೊಂಡಿದೆ. ಆ ಸಿದ್ಧಾಂತಕ್ಕೆ ಏಕಭಾಷಿಕ ವ್ಯಕ್ತಿಯೇ ಮಾದರಿ ಎಂಬುದು ಪ್ರಸ್ತುತ ಟಿಪ್ಪಣಿಯ ವಾದ.

ಈ ನೆನಪಿನಲ್ಲಿ ಎರಡು ಬಗೆಗಳಿವೆ. ಕೋಡಿ ಪ್ರತಿ ಕಡತದ ಆಯ್ಕೆಯನ್ನು ತನ್ನ ದತ್ತಸಂಚಯದಲ್ಲಿ ಉಳಿಸುತ್ತದೆ. ನೋಡಿದ ಸ್ಥಾನವನ್ನು ಉಳಿಸಿ ಹೊರಬಂದಾಗ ಎಂಪಿವಿ ಧ್ವನಿಪಥದ ಕ್ರಮಸಂಖ್ಯೆಯನ್ನೂ ದಾಖಲಿಸುತ್ತದೆ. ಇವು ವಸ್ತುವನ್ನು ನೆನಪಿಡುತ್ತವೆ. ಜೆಲ್ಲಿಫಿನ್‌ನಲ್ಲಿ ಮೆಚ್ಚಿನ ಭಾಷೆಯು ಬಳಕೆದಾರರ ಖಾತೆಗೆ ಅಂಟಿಕೊಂಡಿರುತ್ತದೆ. ಇದು ವ್ಯಕ್ತಿಯನ್ನು ನೆನಪಿಡುತ್ತದೆ. ಯಾರೊಡನೆ ಕುಳಿತು ಕೇಳಲಾಯಿತು ಎಂಬ ಸಂದರ್ಭಕ್ಕೆ ಎರಡರಲ್ಲೂ ಜಾಗವಿಲ್ಲ. ಯಾರು, ಯಾವ ಭಾಷೆಯನ್ನು, ಯಾರೊಡನೆ, ಯಾವಾಗ ಆಡುತ್ತಾರೆ ಎಂದು ಫಿಶ್‌ಮನ್ 1965ರಲ್ಲೇ ಎತ್ತಿದ ಪ್ರಶ್ನೆ ಕೇಳ್ಮೆಗೂ ಸಲ್ಲುತ್ತದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಕನ್ನಡದ ನಂತರ ಉರ್ದು ದೊಡ್ಡ ಮನೆಮಾತು. ಚನ್ನಪಟ್ಟಣದ ಉರ್ದು ಮನೆಮಾತಿನ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ರಾಮನಗರದ ಬೆಟ್ಟಗಳಲ್ಲಿ ಚಿತ್ರೀಕರಣಗೊಂಡು 1975ರಲ್ಲಿ ತೆರೆಕಂಡ ‘ಶೋಲೆ’ಯ ಸಂಭಾಷಣೆ ಆ ಮನೆಯವರ ಕಿವಿಗೆ ಪರಕೀಯವಲ್ಲ. ತಂತ್ರಾಂಶಕ್ಕಾದರೋ ಹಿಂದಿ, ಉರ್ದು ಎರಡು ಬೇರೆ ಸಂಕೇತಗಳು. ಧ್ವನಿಯು ಪರಭಾಷೆಯದಾದಾಗ ಮಾತ್ರ ಸಬ್‌ಟೈಟಲ್ ತೋರಿಸುವ ಜೆಲ್ಲಿಫಿನ್‌ನ ‘ಸ್ಮಾರ್ಟ್’ ವಿಧಾನವು ಮೆಚ್ಚಿನದಲ್ಲದ ಭಾಷೆಯನ್ನೆಲ್ಲ ಅರ್ಥವಾಗದ ಭಾಷೆಯೆಂದು ಎಣಿಸುತ್ತದೆ. ಅದೇ ಮನೆಯವರು ದಿನನಿತ್ಯ ಆಡುವ ಕನ್ನಡವೂ ಈ ಎಣಿಕೆಯಲ್ಲಿ ಪರಭಾಷೆಯೇ. ಮೆಚ್ಚುಗೆ ಮತ್ತು ಗ್ರಹಿಕೆಗಳನ್ನು ಹೀಗೆ ಒಂದಾಗಿಸುವುದು ವರ್ಗೀಕರಣದ ದೋಷ.

ಎರಡನೆಯ ದೋಷ ಮೂಲ ಮತ್ತು ಡಬ್ಬಿಂಗ್‌ಗಳ ಸಂಬಂಧದ್ದು. ಕನ್ನಡದಲ್ಲಿ ಡಬ್ಬಿಂಗ್ ವಿರುದ್ಧ ದಶಕಗಳಿಂದ ಜಾರಿಯಲ್ಲಿದ್ದ ನಿರ್ಬಂಧವು ಸ್ಪರ್ಧೆಗೆ ಮಾರಕವೆಂದು ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ತೀರ್ಮಾನಿಸಿದ ಬಳಿಕ ಕನ್ನಡ ಧ್ವನಿಪಥವು ಎರಡು ಬಗೆಯದಾಯಿತು: ಮೂಲದ್ದು, ಡಬ್ ಆದದ್ದು. ಎರಡಕ್ಕೂ ಐಎಸ್‌ಒ ಸಂಕೇತ ‘ಕೆಎಎನ್’ ಒಂದೇ. ತೆಲುಗು ಚಿತ್ರವನ್ನು ತೆಲುಗಿನಲ್ಲಿಯೇ, ಇಂಗ್ಲಿಷ್ ಚಿತ್ರವನ್ನು ಕನ್ನಡ ಡಬ್ಬಿಂಗ್‌ನಲ್ಲಿ ನೋಡುವವರ ಆಯ್ಕೆಗೆ ಖಚಿತ ನಿಯಮವಿದೆ. ಆದರೆ ‘ಕನ್ನಡ, ತೆಲುಗು, ಇಂಗ್ಲಿಷ್’ ಎಂಬ ಆದ್ಯತಾಪಟ್ಟಿಯು ಅದನ್ನು ಹಿಡಿದಿಡಲಾರದು. ತೆಲುಗು ಚಿತ್ರಕ್ಕೆ ಕನ್ನಡ ಧ್ವನಿಪಥವಿದ್ದರೆ ಪಟ್ಟಿಯು ಅದನ್ನೇ ಆರಿಸುತ್ತದೆ. ‘ಸದಾ ಮೂಲಭಾಷೆ’ ಎಂಬ ಆಯ್ಕೆಯು ಇಂಗ್ಲಿಷ್ ಚಿತ್ರದಲ್ಲಿ ಸೋಲುತ್ತದೆ.

ಸಂಕೇತವನ್ನೇ ನಮೂದಿಸದಿದ್ದರೆ ಪರಿಣಾಮ ಇನ್ನೂ ವಿಚಿತ್ರ. ಮ್ಯಾಟ್ರೋಸ್ಕಾ ಕಡತವಿನ್ಯಾಸದಲ್ಲಿ ಭಾಷೆಯ ಅಂಶ ಬಿಟ್ಟುಹೋದಾಗ ಅದನ್ನು ಇಂಗ್ಲಿಷ್ ಎಂದು ಭಾವಿಸಬೇಕೆಂಬುದು ನಿಯಮ. 2024ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 9559ರಲ್ಲಿಯೂ ಅದು ಉಳಿದಿದೆ. ಹೆಸರಿಲ್ಲದ ಕನ್ನಡ ಧ್ವನಿಪಥವು ಹೀಗೆ ಇಂಗ್ಲಿಷಾಗುತ್ತದೆ. ಭಾಷಾವಿಜ್ಞಾನದ ಪರಿಭಾಷೆಯಲ್ಲಿ ಹೇಳುವುದಾದರೆ, ಇಲ್ಲಿ ಇಂಗ್ಲಿಷ್ ಅಲಕ್ಷಿತ ರೂಪ. ಉಳಿದ ಭಾಷೆಗಳು ಲಕ್ಷಿತ ರೂಪಗಳು.

ಕೋಣೆಯಲ್ಲಿ ಯಾರಿದ್ದಾರೆಂದು ಯಂತ್ರಕ್ಕೆ ತಿಳಿಯದು, ತಿಳಿಯಲೂಬಾರದು, ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಸಾಕು ಎಂಬ ಆಕ್ಷೇಪ ಸಾಧ್ಯ. ಖಾಸಗಿತನದ ಕಾಳಜಿ ಸರಿಯಾದುದೇ. ಆದರೆ ನಡುಮನೆಯ ಟಿವಿ ಹಲವರದು. ಅಜ್ಜಿಯೂ ಮೊಮ್ಮಗಳೂ ಒಟ್ಟಿಗೆ ನೋಡುವಾಗ ಯಾರ ಖಾತೆಯೂ ಹೊಂದದು. ಪರಿಹಾರಕ್ಕೆ ಕಣ್ಗಾವಲು ಬೇಕಿಲ್ಲ. ಆಯ್ದ ಭಾಷೆಯೊಂದನ್ನೇ ಉಳಿಸುವ ಬದಲು ಮೂಲಭಾಷೆ ಮತ್ತು ಆಯ್ದ ಭಾಷೆಗಳ ಜೋಡಿಯನ್ನು ಉಳಿಸಬಹುದು. ಮೂಲಭಾಷೆಯ ಧ್ವನಿಪಥವನ್ನು ಗುರುತಿಸುವ ಸೂಚಕ ಮ್ಯಾಟ್ರೋಸ್ಕಾದಲ್ಲಿ ಈಗಾಗಲೇ ಇದೆ. ಅರ್ಥವಾಗುವ ಭಾಷೆಗಳ ಪಟ್ಟಿಯನ್ನು ಮೆಚ್ಚಿನ ಭಾಷೆಯಿಂದ ಬೇರ್ಪಡಿಸಬಹುದು. ಒಟ್ಟಿಗೆ ನೋಡುವವರಿಗಾಗಿ ‘ಮನೆಮಂದಿ’ ಎಂಬ ಖಾತೆಯನ್ನೂ ಇರಿಸಬಹುದು.

ನಮ್ಮ ಸಮೀಕ್ಷೆಗಳು ಆಡುವ ಭಾಷೆಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ಕೇಳಿ ತಿಳಿಯುವ ಭಾಷೆಗಳನ್ನೂ ದಾಖಲಿಸಬೇಕು. ಅಂಥ ವಿವರಣೆ ದೊರೆಯುವವರೆಗೆ ತಂತ್ರಾಂಶವು ತನ್ನ ಏಕಭಾಷಿಕ ಊಹೆಯನ್ನೇ ಬಳಕೆದಾರರ ಇಚ್ಛೆಯೆಂದು ನೆನಪಿಡುತ್ತದೆ.