ನೆಟ್‌ವರ್ಕ್ ಇದ್ದವರ ಅಭಿಪ್ರಾಯ

ಕೊರೊನಾ ಕಾಲದ ಆನ್‌ಲೈನ್ ತರಗತಿಗಳ ಬಗ್ಗೆ ಪದವಿ ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹಿಸಿದವರು ಹೆಚ್ಚಾಗಿ ನೆಚ್ಚಿಕೊಂಡದ್ದು ಗೂಗಲ್ ಫಾರ್ಮನ್ನು. ಲಿಂಕ್ ವಾಟ್ಸ್ಆ್ಯಪ್ ಗ್ರೂಪಿಗೆ ಬರುತ್ತಿತ್ತು. ನೆಟ್‌ವರ್ಕ್ ಇಲ್ಲದೆ ಪಾಠಕ್ಕೇ ಬರಲಾಗದವರು ಇದಕ್ಕೆ ಉತ್ತರಿಸುವುದೆಲ್ಲಿಂದ ಬಂತು? 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದದ್ದು ಶೇ. 14.9ರಷ್ಟರಲ್ಲಿ, ಕಂಪ್ಯೂಟರ್ ಇದ್ದದ್ದು ಶೇ. 4.4ರಷ್ಟರಲ್ಲಿ ಮಾತ್ರ. 2020ರ ಮಾರ್ಚ್‌ನಲ್ಲಿ ಹಾಸ್ಟೆಲ್ ಖಾಲಿ ಮಾಡಿದ ಎಷ್ಟೋ ಮಕ್ಕಳು ಹೋಗಿ ಸೇರಿದ್ದು ಇಂಥ ಮನೆಗಳನ್ನೇ. ಹಾಗಾಗಿ ‘ಬಹುಪಾಲು ವಿದ್ಯಾರ್ಥಿಗಳಿಗೆ ತೃಪ್ತಿಯಿದೆ’ ಎನ್ನುವ ವರದಿಗಳನ್ನು ನಾನು ನಂಬುವುದಿಲ್ಲ.

ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಆಡಿಕೊಂಡ ಮಾತಿನಲ್ಲಿ ಹೆಚ್ಚು ವಿವೇಕವಿತ್ತು. ರೆಕಾರ್ಡ್ ಮಾಡಿ ಕಳಿಸಿದ ಪಾಠವನ್ನು ಅವರು ಮೆಚ್ಚಿದರು. ಅರ್ಥವಾಗದ ಕಡೆ ನಿಲ್ಲಿಸಿ ಮತ್ತೆ ಕೇಳಬಹುದಿತ್ತು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನ ಪಾಠಕ್ಕೆ ಹೆದರುತ್ತಿದ್ದವರಿಗಂತೂ ಅದು ದೊಡ್ಡ ಆಸರೆ. ವಿದ್ಯಾರ್ಥಿಗಳನ್ನು ಬೇಸರಕ್ಕೆ ದೂಡಿದ್ದು ಕಾಲೇಜಿನ ಟೈಮ್‌ಟೇಬಲ್ಲನ್ನು ಇದ್ದ ಹಾಗೇ ಮೊಬೈಲಿಗೆ ಇಳಿಸಿದ ಕ್ರಮ. ದಿನದ ಒಂದೂವರೆ ಜಿಬಿ ಡೇಟಾ ಮುಗಿಯುವತನಕ ಒಂದರ ಹಿಂದೊಂದು ತರಗತಿ, ನಡುನಡುವೆ ‘ಸರ್, ವಾಯ್ಸ್ ಕಟ್ ಆಗ್ತಿದೆ’. ಮಲೆನಾಡಿನಲ್ಲಿ ಸಿಗ್ನಲ್ ಹುಡುಕಿ ಗುಡ್ಡ ಹತ್ತಿ ಕೂತವರಿಗೆ, ಅದೂ ಮಳೆಗಾಲದಲ್ಲಿ, ಹಾಜರಿ ಕಡ್ಡಾಯ ಮಾಡಿದ್ದು ಕ್ರೌರ್ಯ.

ವಿಜ್ಞಾನದ ವಿದ್ಯಾರ್ಥಿಗಳ ನಷ್ಟ ಇನ್ನೂ ಆಳವಾದದ್ದು. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಟೈಟ್ರೇಶನ್ ಮಾಡುವಾಗ ಒಂದು ಕೈಯಲ್ಲಿ ಬ್ಯೂರೆಟ್ಟಿನ ತಿರುಪು, ಇನ್ನೊಂದರಲ್ಲಿ ಫ್ಲಾಸ್ಕ್. ಹನಿ ಬಿದ್ದಲ್ಲಿ ಮೂಡುವ ಗುಲಾಬಿ ಬಣ್ಣ ಅಲ್ಲಾಡಿಸಿದೊಡನೆ ಮಾಯವಾಗುತ್ತದೆ. ಅದು ಮಾಯವಾಗದೆ, ಕಂಡೂ ಕಾಣದಷ್ಟು ತೆಳುವಾಗಿ ಉಳಿದ ಹನಿಗೇ ಕೈ ತಡೆಯಬೇಕು. ಇನ್ನೊಂದು ಬಿದ್ದರೆ ಬಣ್ಣ ಗಾಢವಾಗಿ ಎಲ್ಲ ಮೊದಲಿಂದ. ವಿಡಿಯೊದಲ್ಲಿ ಆ ಬಣ್ಣ ನೋಡಬಹುದೇ ಹೊರತು ಕೈಗೆ ಆ ಹಿಡಿತ ಬರುವುದಿಲ್ಲ. ರೀಡಿಂಗ್ ತಾವೇ ಕೊಟ್ಟು ರೆಕಾರ್ಡ್ ಬರೆಸಿ ಅದನ್ನೇ ಪ್ರಾಕ್ಟಿಕಲ್ ಎಂದ ಕಾಲೇಜುಗಳು ಮಕ್ಕಳಿಗೆ ಅನ್ಯಾಯ ಮಾಡಿದವು.

ಪರೀಕ್ಷೆ ಬೇಡವೆಂದವರನ್ನು ಸೋಮಾರಿಗಳೆಂದು ಜರೆದದ್ದೂ ತಪ್ಪು. ಅಂತಿಮ ಸೆಮಿಸ್ಟರಿನ ಪರೀಕ್ಷೆ ಸೆಪ್ಟೆಂಬರ್ ಒಳಗೆ ಮುಗಿಯಬೇಕೆಂದು ಯುಜಿಸಿ 2020ರ ಜುಲೈನಲ್ಲಿ ಹೇಳಿದಾಗ ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು; ಆಗಸ್ಟ್ 28ರ ತೀರ್ಪು ಯುಜಿಸಿಯ ನಿಲುವನ್ನು ಎತ್ತಿಹಿಡಿಯಿತು. ಸರಿಯಾಗಿ ಕಲಿಸದ ಪಾಠಕ್ಕೆ ಅಂಕ ಹಾಕುವುದು ಹೇಗೆ ಎಂಬ ಅವರ ಪ್ರಶ್ನೆಗೆ ಮಾತ್ರ ಯಾವ ವಿಶ್ವವಿದ್ಯಾಲಯವೂ ನೇರವಾಗಿ ಮುಖಕೊಡಲಿಲ್ಲ.

2021ರ ಮೇನಲ್ಲಿ ಯುಜಿಸಿ, ಒಂದು ಕೋರ್ಸಿನ ಶೇ. 40ರಷ್ಟನ್ನು ಆನ್‌ಲೈನಿನಲ್ಲಿ ಕಲಿಸಬಹುದೆಂಬ ಪ್ರಸ್ತಾಪ ಮುಂದಿಟ್ಟಿತು. ವಿದ್ಯಾರ್ಥಿಗಳ ಮಾತಿಗೆ ಬೆಲೆ ಕೊಡುವುದಾದರೆ, ಆ ಪಾಲು ಹಾಜರಿಯ ಹಂಗಿಲ್ಲದ ರೆಕಾರ್ಡೆಡ್ ಪಾಠಗಳಿಗೆ ಮೀಸಲಾಗಬೇಕು. ಲ್ಯಾಬ್ ಪೂರ್ತಿಯಾಗಿ ಕಾಲೇಜಿನಲ್ಲೇ ನಡೆಯಬೇಕು.