ಡಾರ್ಸಿಯ ವರಮಾನ, ಸಾರಾಳ ಕೈ

ಜೇನ್ ಆಸ್ಟಿನ್ ಆರು ಕಾದಂಬರಿಗಳನ್ನು ಮುಗಿಸಿ 1817ರಲ್ಲಿ ತೀರಿಕೊಂಡಳು. ಆರಕ್ಕೆ ತೃಪ್ತಿಯಾಗದವರು ಏಳನೆಯದನ್ನು ತಾವೇ ಬರೆದುಕೊಳ್ಳುತ್ತ ಬಂದಿದ್ದಾರೆ. ಶುರುವಾದದ್ದು ಮನೆಯೊಳಗೇ. ಸೋದರತ್ತೆ ಅರ್ಧಕ್ಕೆ ಬಿಟ್ಟಿದ್ದ ‘ದ ವಾಟ್ಸನ್ಸ್’ ಕತೆಯನ್ನು ಅಣ್ಣನ ಮಗಳು ಕ್ಯಾಥರೀನ್ ಹಬ್ಯಾಕ್ 1850ರಲ್ಲಿ ‘ದ ಯಂಗರ್ ಸಿಸ್ಟರ್’ ಎಂದು ಬೆಳೆಸಿದಳು. 1913ರಲ್ಲಿ ಸಿಬಿಲ್ ಬ್ರಿಂಟನ್ ಆರೂ ಕಾದಂಬರಿಗಳ ಪಾತ್ರಗಳನ್ನು ಒಂದೇ ಕತೆಗೆ ಕರೆತಂದಳು.

ಈಗಿನ ಮಹಾಪೂರಕ್ಕೆ ಮಾತ್ರ 1995ರ ಬಿಬಿಸಿಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಧಾರಾವಾಹಿಯೇ ಹೆಚ್ಚು ಕಾರಣ. ಅದರಲ್ಲಿ ಕೊಳಕ್ಕೆ ಧುಮುಕಿ ಒದ್ದೆ ಅಂಗಿಯಲ್ಲಿ ಎದುರಾಗುವ ನಾಯಕ ಡಾರ್ಸಿ ಮೂಲ ಕಾದಂಬರಿಯಲ್ಲಿ ಎಲ್ಲೂ ಇಲ್ಲ. ಆಮೇಲೆ ಬಂದ ಎಷ್ಟೋ ಪುಸ್ತಕಗಳು ಆ ಅಂಗಿಯ ಸಂತಾನ. ಹೆಲೆನ್ ಫೀಲ್ಡಿಂಗ್ ಪ್ರಾಮಾಣಿಕಳು: ಅವಳ ಬ್ರಿಜೆಟ್ ಜೋನ್ಸ್ ಆ ಧಾರಾವಾಹಿಯನ್ನೇ ನೋಡುತ್ತ ಕೂರುತ್ತಾಳೆ.

ಆಸ್ಟಿನ್‌ಳ ಡಾರ್ಸಿ ಮೊದಲ ಸಲ ನೃತ್ಯಕೂಟಕ್ಕೆ ಬಂದಾಗ ಐದು ನಿಮಿಷದಲ್ಲಿ ಹಬ್ಬುವ ಸುದ್ದಿ ಅವನ ವರ್ಷದ ವರಮಾನ, 10,000 ಪೌಂಡ್. ಗಂಡುಮಕ್ಕಳಿಲ್ಲದ ಬೆನೆಟ್, ನಾಯಕಿ ಎಲಿಜಬೆತ್‌ಳ ತಂದೆ, ಸತ್ತರೆ ಆಸ್ತಿ ದಾಯಾದಿ ಕಾಲಿನ್ಸ್‌ನ ಪಾಲು. ಎಲಿಜಬೆತ್‌ಗೆ ಸಿಗುವುದು, ಅದೂ ತಾಯಿಯ ನಂತರ, ಸಾವಿರ ಪೌಂಡ್. ಶೇ 4ರ ಬಡ್ಡಿಯಲ್ಲಿ ವರ್ಷಕ್ಕೆ 40. ಈ ಸಾವಿರದ ಲೆಕ್ಕವನ್ನು ಕಾಲಿನ್ಸ್ ಅವಳನ್ನು ಮದುವೆಗೆ ಕೇಳುವಾಗಲೇ ಒಪ್ಪಿಸುತ್ತಾನೆ. ಆಸ್ಟಿನ್‌ಳ ಹಾಸ್ಯದ ಬೇರು ಈ ಲೆಕ್ಕದಲ್ಲಿದೆ. ಎಲಿಜಬೆತ್‌ಳ ಗೆಳತಿ, 27ರ ಷಾರ್ಲಟ್ ಅದೇ ಕಾಲಿನ್ಸ್‌ನನ್ನು ಕಟ್ಟಿಕೊಳ್ಳುವಾಗ ನಮ್ಮ ನಗು ಗಂಟಲಲ್ಲಿ ಸಿಕ್ಕಿಕೊಳ್ಳುವುದೂ ಅದಕ್ಕೇ. ಅನುಕರಣಕಾರರು ಪ್ರೇಮವನ್ನು ಇಟ್ಟುಕೊಂಡು ಲೆಕ್ಕವನ್ನು ಕೈಬಿಟ್ಟರು.

2009ರ ‘ಪ್ರೈಡ್ ಅಂಡ್ ಪ್ರೆಜುಡಿಸ್ ಅಂಡ್ ಜಾಂಬೀಸ್’ ಒಂದೇ ಜೋಕು, ಪುಟಗಳು ಮಾತ್ರ ನೂರಾರು. ಪಿ.ಡಿ. ಜೇಮ್ಸ್ 2011ರಲ್ಲಿ ಡಾರ್ಸಿಯ ಬಂಗಲೆ ಪೆಂಬರ್ಲಿಗೆ ಕೊಲೆಯನ್ನು ತಂದಳು. ವಾಕ್ಯಗಳಿಗೆ ಹಳೆಯ ಕಾಲದ ಗತ್ತಿದೆ, ಆದರೆ ಮದುವೆಯಾದ ಎಲಿಜಬೆತ್‌ಳ ನಾಲಿಗೆ ಮೊಂಡಾಗಿದೆ. ಕರ್ಟಿಸ್ ಸಿಟನ್‌ಫೆಲ್ಡ್‌ಳ ‘ಎಲಿಜಿಬಲ್’ (2016) ಸಿನ್ಸಿನಾಟಿಯಲ್ಲಿ ನಡೆಯುತ್ತದೆ. ಹಣದ ಮುಗ್ಗಟ್ಟು ಅಲ್ಲೂ ಇದೆ, ಆದರೆ ಮನೆ ಮಾರಿದರೆ ತೀರುತ್ತದೆ. ಅಲ್ಲಿನ ಎಲಿಜಬೆತ್, ಪತ್ರಕರ್ತೆ ಲಿಜ್, ಮದುವೆಯಾಗಲೇಬೇಕೆಂದೇನಿಲ್ಲ. ಹಾಗಾದಾಗ ಡಾರ್ಸಿಯನ್ನು ನಿರಾಕರಿಸುವುದರಲ್ಲಿ ಯಾವ ಧೈರ್ಯವಿದೆ?

ಸೋನಿಯಾ ಕಮಾಲ್‌ಳ ‘ಅನ್‌ಮ್ಯಾರಿಯಬಲ್’ (2019) ಪಾಕಿಸ್ತಾನಕ್ಕೆ ಹೋಗಿ ಈ ತೊಡಕನ್ನು ಬಿಡಿಸಿಕೊಂಡಿತು. ಮನೆತನ, ಮರ್ಯಾದೆ, ವಯಸ್ಸು ಮೀರಿದ ಹುಡುಗಿ — ನಮಗೂ ಇದನ್ನು ಯಾರೂ ವಿವರಿಸಬೇಕಿಲ್ಲ. ಆದರೆ ಅದರ ನಾಯಕಿ, ಇಂಗ್ಲಿಷ್ ಮೇಡಂ ಆಲಿಸ್, ತರಗತಿಯಲ್ಲಿ ಆಸ್ಟಿನ್ ಪಾಠ ಮಾಡುತ್ತ ವ್ಯಂಗ್ಯವನ್ನೆಲ್ಲ ಬಾಯಿಬಿಟ್ಟು ಹೇಳಿಬಿಡುತ್ತಾಳೆ. ಹೇಳದೆ ಉಳಿಸುವುದು ಆಸ್ಟಿನ್‌ಳ ಕಸುಬಾಗಿತ್ತು.

ನನ್ನ ಮೆಚ್ಚಿನದು ಜೋ ಬೇಕರ್‌ಳ ‘ಲಾಂಗ್‌ಬರ್ನ್’ (2013). ಮೂಲದಲ್ಲಿ ಎಲಿಜಬೆತ್ ಮೂರು ಮೈಲಿ ನಡೆದು, ಲಂಗಕ್ಕೆ ಆರಂಗುಲ ಕೆಸರು ಮೆತ್ತಿಸಿಕೊಂಡು ಡಾರ್ಸಿಯ ಗೆಳೆಯ ಬಿಂಗ್ಲಿ ಇರುವ ನೆದರ್‌ಫೀಲ್ಡ್‌ಗೆ ಬರುತ್ತಾಳೆ. ನಾವು ಅವಳ ಸ್ವಾತಂತ್ರ್ಯಕ್ಕೆ ಚಪ್ಪಾಳೆ ತಟ್ಟುತ್ತೇವೆ. ಬೇಕರ್ ಆ ಲಂಗ ಒಗೆಯುವವಳನ್ನು ಹುಡುಕಿದಳು. ಬೆನೆಟ್ ಮನೆಯ ಕೆಲಸದ ಸಾರಾ ಬೆಳಕು ಹರಿಯುವ ಮುಂಚೆ ಚಳಿಯಲ್ಲಿ ನೀರು ಪಂಪು ಮಾಡುತ್ತಾಳೆ, ಕೈಯೆಲ್ಲ ಹುಣ್ಣು. ಮಳೆಯ ದಿನಗಳಲ್ಲಿ ಹುಡುಗಿಯರ ಪಾದರಕ್ಷೆಯ ಅಲಂಕಾರ ಬೇರೆಯವರ ಕೈಯಿಂದ ಬಂತೆಂದು ಆಸ್ಟಿನ್ ಒಂದೇ ಮಾತಿನಲ್ಲಿ ದಾಟಿದ್ದಳು. ಬೇಕರ್ ಆ ‘ಬೇರೆಯವರ’ ಹಿಂದೆ ಮಳೆಗೇ ಇಳಿಯುತ್ತಾಳೆ. ಬಿಂಗ್ಲಿಯ ಸಿರಿಯ ಹಿಂದಿರುವ ಸಕ್ಕರೆ, ಗುಲಾಮಗಿರಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತವೆ. ಕತೆ ಸ್ಪೇನಿನ ಯುದ್ಧಕ್ಕೆ ಹೊರಟಾಗ ಬಿಗಿ ತಪ್ಪುತ್ತದೆ. ನಗುವೂ ಕಡಿಮೆ, ಅಡುಗೆಮನೆಯವರೂ ಒಡೆಯರನ್ನು ಆಡಿಕೊಂಡು ನಗುತ್ತಾರಲ್ಲ, ಆ ನಗುವನ್ನು ಬೇಕರ್ ಇನ್ನಷ್ಟು ಕೇಳಿಸಬೇಕಿತ್ತು.