ಸ್ವತ್ತೋ, ನಿಕ್ಷೇಪವೋ?

ಪ್ರಾಗ್ ನಗರದ ಜರ್ಮನ್ ಭಾಷಾಲೇಖಕ ಫ್ರಾಂಜ್ ಕಾಫ್ಕಾ 1924ರಲ್ಲಿ ಕಾಲವಶನಾದನು. ತನ್ನ ಹಸ್ತಪ್ರತಿಗಳನ್ನು ಓದದೆ ಸುಟ್ಟುಬಿಡಬೇಕೆಂದು ಮಿತ್ರನಾದ ಮ್ಯಾಕ್ಸ್ ಬ್ರಾಡನಿಗೆ ಬರೆದಿಟ್ಟಿದ್ದನು. ಬ್ರಾಡನು ಸುಡಲಿಲ್ಲ, ಮರುವರ್ಷವೇ ‘ದಿ ಟ್ರಯಲ್’ ಕಾದಂಬರಿಯನ್ನು ಅಚ್ಚುಹಾಕಿಸಿದನು. ಲೋಕಕ್ಕಾದ ಲಾಭವೊಂದೇ ಈ ವಚನಭಂಗಕ್ಕೆ ಸಮಾಧಾನವು.

1968ರಲ್ಲಿ ಬ್ರಾಡನೂ ತೀರಿಕೊಳ್ಳಲು, ಅವನಲ್ಲಿದ್ದ ಕಾಗದಗಳು ಕಾರ್ಯದರ್ಶಿನಿಯ ವಶದಲ್ಲುಳಿದವು. 1988ರಲ್ಲಿ ಅದೇ ಕಾದಂಬರಿಯ ಹಸ್ತಪ್ರತಿಯು ಸುಮಾರು 10 ಲಕ್ಷ ಪೌಂಡುಗಳಿಗೆ ಹರಾಜಾಯಿತು. ಮಿಕ್ಕವು ಬಹುಪಾಲು ಬ್ಯಾಂಕಿನ ಪೆಟ್ಟಿಗೆಗಳಲ್ಲಿದ್ದವು. ಸುಡಲಿಲ್ಲ, ಓದಗೊಡಲೂ ಇಲ್ಲ. ಮೃತನ ಮಾತೂ ಲೋಕದ ಹಿತವೂ ಎರಡೂ ಕೆಟ್ಟವು.

2016ರಲ್ಲಿ ಇಸ್ರೇಲಿನ ಸರ್ವೋಚ್ಚ ನ್ಯಾಯಾಲಯವು ಅವನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕೊಡಿಸಿದುದು ಯುಕ್ತವೇ. ನಂಬಿ ಒಪ್ಪಿಸಿದ ವಸ್ತುವನ್ನು ನಮ್ಮ ಧರ್ಮಶಾಸ್ತ್ರಗಳು ನಿಕ್ಷೇಪವೆನ್ನುತ್ತವೆ. ಕವಿಯ ಹಸ್ತಪ್ರತಿಯೂ ಅಂತಹದೇ. ಇಟ್ಟುಕೊಂಡವನು ಕಾವಲುಗಾರನೇ ಹೊರತು ಒಡೆಯನಲ್ಲ.